ಸಬ್‌ಮೆರೀನಿನಿಂದ ಬಂದ ಫೋರ್‌ಮನ್

ಕಳೆದ ವಾರ ಮನೆಯ ಗೇಟಿನ ಕೀಲು ಮುರಿದು ವೆಲ್ಡಿಂಗ್ ಮಾಡಿಸಬೇಕಾಯಿತು. ಸುಟ್ಟ ರಾಡಿನ ಘಾಟು ಹಜಾರದವರೆಗೂ ಬಂತು. ನಮ್ಮ ಫೋರ್‌ಮನ್ ಸಾರ್ ಅವರ ಖಾಕಿ ಅಂಗಿಯಿಂದ ಸದಾ ಬರುತ್ತಿದ್ದ ವಾಸನೆ ಅದು...

ಆಗ ತೊಂಬತ್ತರ ದಶಕದ ಕೊನೆ. ಡಿಪ್ಲೊಮಾ ಮುಗಿಸಿ ನಂಜನಗೂಡಿನ ಬಳಿಯ ತಾಂಡ್ಯ ಕೈಗಾರಿಕಾ ಪ್ರದೇಶದಲ್ಲಿ ಬಾಯ್ಲರ್ ತಯಾರಿಸುವ ಸಣ್ಣ ಕಾರ್ಖಾನೆಯೊಂದರ ಇನ್‌ಸ್ಪೆಕ್ಷನ್ ಕೆಲಸಕ್ಕೆ ಸೇರಿದ್ದೆ. ಅಲ್ಲಿ ನಾನೊಬ್ಬಳೇ ಹೆಂಗಸು. ಫೋರ್‌ಮನ್ ಸಾರ್ ನರಸೀಪುರದ ಕಡೆಯವರು. ನೌಕಾಪಡೆಯ ಸಬ್‌ಮೆರೀನಿನಲ್ಲಿ ದುಡಿದು ನಿವೃತ್ತರಾಗಿ ಬಂದಿದ್ದರು. ಮಾತು ಕಡಿಮೆ. ಬೆಸುಗೆ ಸರಿಯಿಲ್ಲದಿದ್ದರೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದು ಮುಂದೆ ಹೋಗುತ್ತಿದ್ದರು, ಅಷ್ಟೆ.

ಒಮ್ಮೆ ಊಟದ ಹೊತ್ತಿನಲ್ಲಿ ನಾನೇ ಕೇಳಿದೆ, "ನೀರೊಳಗೆ ಭಯ ಆಗ್ತಿರಲಿಲ್ವಾ ಸಾರ್?"

ಅವರು ಬುತ್ತಿಯ ಡಬ್ಬಿ ಮುಚ್ಚಿ ಹೇಳಿದರು. ಅವರ ಸಬ್‌ಮೆರೀನ್ ಒಂದು ಸಲ ಆಳದಿಂದ ಏಳುತ್ತಿದ್ದಾಗ, ಮೇಲೆ ಹೋಗುತ್ತಿದ್ದ ಸರಕು ಹಡಗಿನ ತಳಕ್ಕೆ ಬಡಿದಿತ್ತು. ನಿಂತಿದ್ದವರೆಲ್ಲ ಬಿದ್ದರು. ದೀಪ ಆರಿತು. ಕಬ್ಬಿಣ ಕಬ್ಬಿಣವನ್ನು ಕೆರೆಯುವ ಸದ್ದು ತಲೆಯ ಮೇಲೆಯೇ ಹಾದುಹೋಯಿತು. ಆಮೇಲೆ ಕತ್ತಲಲ್ಲಿ ಎಲ್ಲರೂ ಗೋಡೆ ತಡವುತ್ತ, ಎಲ್ಲಾದರೂ ನೀರು ಜಿನುಗುತ್ತಿದೆಯೇ ಎಂದು ನೋಡಿದರಂತೆ. ಎಲ್ಲೂ ಜಿನುಗಿರಲಿಲ್ಲ.

ಸಬ್‌ಮೆರೀನಿಗೆ ಎರಡು ಮೈ ಎಂದು ನನಗೆ ಗೊತ್ತಾಗಿದ್ದು ಆಗಲೇ. ಹೊರಗೊಂದು ತೆಳು ಹೊದಿಕೆ. ಅದರೊಳಗೆ ಸಮುದ್ರದ ಒತ್ತಡ ತಡೆಯುವ ದಪ್ಪ ಉಕ್ಕಿನ ಕೊಳವೆ, ಅದಕ್ಕೆ ಉದ್ದಕ್ಕೂ ಬಳೆಗಳಂತೆ ಪಟ್ಟಿ.

"ರಿಪೇರಿಗೆ ಅಂತ ಡಾಕಿಗೆ ಏರಿಸ್ದಾಗ ನೋಡ್ದೆ ಕಣವ್ವ. ಮೇಲಿನ ತಗಡೆಲ್ಲ ಅರ್ದೋಗಿತ್ತು. ಒಳಗಿನ ಉಕ್ಕು ಒಂಚೂರು ತಗ್ಗಾಗಿತ್ತು, ಅಷ್ಟೇಯ. ಒಂದು ಬೆಸುಗೆನೂ ಬಿಟ್ಟಿರ್ಲಿಲ್ಲ. ಮಾಡ್ದೋನು ಯಾವೂರೋನೋ ಏನೋ, ನಮ್ ಮುಖಾನೂ ಕಂಡಿರ್ಲಿಲ್ಲ..."

ಮುಂದಿನ ಬೇಸಿಗೆಯಲ್ಲಿ ಹುಲ್ಲಹಳ್ಳಿ ಕಡೆಯ ಅಕ್ಕಿ ಗಿರಣಿಯೊಂದಕ್ಕೆ ಬಾಯ್ಲರ್ ಸಿದ್ಧವಾಯಿತು. ನೀರು ತುಂಬಿ ಒತ್ತಡ ಕೊಟ್ಟು ಪರೀಕ್ಷಿಸಿದ್ದೆವು, ಸೋರಿರಲಿಲ್ಲ. ನಾನು ಸಹಿ ಹಾಕುವುದೊಂದೇ ಬಾಕಿ. ಅಷ್ಟರಲ್ಲಿ ಸಾರ್ ಬಂದು ಒಂದು ಬೆಸುಗೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದರು.

"ಟೆಸ್ಟ್ ಪಾಸಾಯ್ತಲ್ಲ ಸಾರ್, ಲಾರಿ ಬಂದು ನಿಂತದೆ, ಬುಡಿ" ಎಂದರು ಮ್ಯಾನೇಜರ್.

ಸಾರ್ ನನ್ನತ್ತ ತಿರುಗಿ, "ಇದುರ್ ಪಕ್ಕ ಕುಂತ್ಕಂಡು ನೀನು ಬುತ್ತಿ ಉಣ್ತೀಯವ್ವ?" ಎಂದು ಕೇಳಿದರು.

ಮ್ಯಾನೇಜರ್ ನನ್ನನ್ನೇ ನೋಡುತ್ತಿದ್ದರು. ನನಗೆ ಕೆಲಸ ಖಾಯಂ ಆಗಿರಲಿಲ್ಲ. "ಇಲ್ಲ ಸಾರ್" ಎಂದು ಪೆನ್ನು ಮುಚ್ಚಿದೆ.

ಆ ಜಾಗವನ್ನು ಉಜ್ಜಿ ತೆಗೆಸಿದಾಗ ಬೆಸುಗೆಯೊಳಗೆ ಬೆರಳುದ್ದ ಪೊಳ್ಳು, ಅದರ ತುಂಬ ಸುಟ್ಟ ರಾಡಿನ ಕಿಟ್ಟ.

"ಯಾವನ್ಲಾ ಇದನ್ನ ಮಾಡ್ದೋನು?" ಎಂದು ಮ್ಯಾನೇಜರ್ ಕೂಗಾಡಿದರು. ವೆಲ್ಡರುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ನಾನೇಯ" ಎಂದರು ಸಾರ್. "ಅವತ್ತು ಆಳು ಬಂದಿರ್ಲಿಲ್ಲ. ಕಣ್ಣು ಮಂಜಾಯ್ತಿತ್ತು, ಆದ್ರೂ ಮಾಡ್ದೆ. ಒಪ್ಕಳಕ್ಕೆ ಎರಡು ದಿನ ಬೇಕಾಯ್ತು."

ಇನ್ನೊಬ್ಬ ವೆಲ್ಡರ್ ಅದನ್ನು ಮತ್ತೆ ಮಾಡಿದ. ಸಾರ್ ಕೊನೆಯವರೆಗೂ ಪಕ್ಕದಲ್ಲೇ ನಿಂತಿದ್ದರು. ಅಂದಿನಿಂದ ಅವರು ವೆಲ್ಡಿಂಗ್ ಮುಟ್ಟಲಿಲ್ಲ. ಆರು ತಿಂಗಳಲ್ಲಿ ಕೆಲಸ ಬಿಟ್ಟು ಊರಿಗೆ ಹೋದರು.

ಕೆಲವು ವರ್ಷಗಳ ನಂತರ ನಂಜನಗೂಡು ಬಸ್ ನಿಲ್ದಾಣದಲ್ಲಿ ಹಳೆಯ ವೆಲ್ಡರೊಬ್ಬ ಸಿಕ್ಕಿ, ಸಾರ್ ತೀರಿಕೊಂಡ ಸುದ್ದಿ ಹೇಳಿದ. ಆಪರೇಷನ್ ಆಗಿ ಕಣ್ಣು ಚೆನ್ನಾಗಿ ಕಾಣುತ್ತಿತ್ತಂತೆ. ನನ್ನನ್ನು ವಿಚಾರಿಸಿಕೊಳ್ಳುತ್ತಿದ್ದರಂತೆ... ನರಸೀಪುರಕ್ಕೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ನಾನು ಒಮ್ಮೆಯೂ ಹೋಗಿರಲಿಲ್ಲ.

ಈಗಲೂ ನಾನು ಅದೇ ಕೆಲಸದಲ್ಲಿದ್ದೇನೆ. ಆ ದಿನ ನಾನು ಸಹಿ ಹಾಕದಿದ್ದುದನ್ನು ಅವರು ನನ್ನ ಧೈರ್ಯವೆಂದು ಕೊನೆಯವರೆಗೂ ಎಲ್ಲರಿಗೂ ಹೇಳುತ್ತಿದ್ದರಂತೆ. ಆದರೆ ಅದು ಅವರದೇ ಬೆಸುಗೆ ಎಂದು ಮೊದಲೇ ಗೊತ್ತಿದ್ದರೆ ಅವರ ಕೈಯನ್ನು ನಂಬಿ ಸಹಿ ಹಾಕಿಬಿಡುತ್ತಿದ್ದೆ, ನನ್ನ ಬಾಯಲ್ಲಿ "ಇಲ್ಲ" ಬರುತ್ತಿರಲಿಲ್ಲ. ಅದನ್ನು ಅವರಿಗೆ ಹೇಳಬೇಕಿತ್ತು.