ನೀಲಾಳ ತಂಡ ಮೇಲೇರಿದ ಮಳೆಗಾಲ

ಆಗ ಬಸುವಿಗೆ ಹಾಲುಹಲ್ಲು ಉದುರುತ್ತಿದ್ದವು. ಅಕ್ಕಮ್ಮ ಇನ್ನೂ ನನ್ನ ಸೆರಗು ಹಿಡಿಯದೆ ಮಲಗುತ್ತಿರಲಿಲ್ಲ. ಕೊಣ್ಣೂರಿನ ಸೇತುವೆ ಮುಳುಗಿ, ಹೊಳೆ ನಮ್ಮ ಓಣಿಗೇ ಬಂದು, ನಾವೆಲ್ಲ ಶಾಲೆಯ ಮಾಳಿಗೆಯ ಒಂದೇ ಕೋಣೆಯಲ್ಲಿ ಸಿಕ್ಕಿಕೊಂಡ ಮಳೆಗಾಲ ಅದು. ಮೊಮ್ಮಕ್ಕಳೇ, ನಿಮ್ಮ ಬಾಲ್ಯದ ಆ ದಿನಗಳಲ್ಲಿ ನಿಮಗೆ ನೆನಪಿರುವುದು ಆಟ ಮಾತ್ರ. ಉಳಿದದ್ದನ್ನು ನಾನು ಬರೆಯುತ್ತೇನೆ. ಎದುರು ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ.

ಕಿಟಕಿಯ ಹೊರಗೆ ನಾಲ್ಕೂ ಕಡೆ ಕೆಂಪು ನೀರು. ಒಳಗೆ ಒದ್ದೆ ಕೌದಿಯ ವಾಸನೆ. ಮನೆಯಿಂದ ಹೊತ್ತು ತಂದಿದ್ದ ಹೆಸರುಕಾಳಿನ ಚೀಲ ನೆನೆದು, ಕಾಳು ಮೊಳಕೆಯೊಡೆದು, ಹುಳಿಹುಳಿಯಾಗಿ ನಾರುತ್ತಿತ್ತು. ಚಿಕ್ಕನರಗುಂದದವರು ಗಂಟು ಕಟ್ಟಿ ದೋಣಿಯಲ್ಲಿ ಕಳಿಸಿದ ಒಣಗಿದ ಕಟಕ ರೊಟ್ಟಿ, ಶೇಂಗಾ ಚಟ್ನಿಯೇ ಮೂರೂ ಹೊತ್ತಿನ ಊಟ. ನೀವು ನನ್ನ ಹಳೆಯ ಸೀರೆಯನ್ನು ಪಪ್ಪಾಯಿ ಹಣ್ಣಿನ ಆಕಾರಕ್ಕೆ ಸುತ್ತಿ ಚೆಂಡು ಮಾಡಿಕೊಂಡು, ಬೆಂಚುಗಳ ನಡುವೆ ನೀಲತ್ತೆಯ ಆಟ ಆಡುತ್ತಿದ್ದಿರಿ. ಮಲಗಿದವರ ಮೇಲೆ ಬಿದ್ದು ಬೈಸಿಕೊಳ್ಳುತ್ತಿದ್ದಿರಿ.

ನಿಮ್ಮ ನೀಲತ್ತೆ ನನ್ನ ಕಿರಿಯ ಮಗಳು. ಹಾಸ್ಟೆಲಿನಲ್ಲಿ ಕಬಡ್ಡಿ ಆಡುತ್ತಿದ್ದವಳು. ಅವಳು ಹಿಡಿದರೆ ಬಿಡಿಸಿಕೊಳ್ಳುವವರಿಲ್ಲ ಎಂದು ಅಲ್ಲಿನ ಟೀಚರು ಅವಳನ್ನು ರಗ್ಬಿಗೆ ಹಾಕಿದರು. ಆಡುತ್ತ ಆಡುತ್ತ ದೇಶದ ತಂಡಕ್ಕೇ ಹೋದಳು. ನಮ್ಮ ದೇಶದ ತಂಡ ಆಗ ಕೆಳಗಿನ ಗುಂಪಿನಲ್ಲಿತ್ತು. ಆ ಸಲ ಹೊರದೇಶದಲ್ಲಿ ನಡೆದ ಪಂದ್ಯಗಳನ್ನೆಲ್ಲ ಗೆದ್ದರೆ ಮೇಲಿನ ಗುಂಪಿಗೆ ಏರುತ್ತಿತ್ತು. ಅಲ್ಲಿಯವರೆಗೆ ಎಲ್ಲ ಗೆದ್ದಿದ್ದರು, ಕೊನೆಯದೊಂದು ಉಳಿದಿತ್ತು.

ಆ ಪಂದ್ಯಕ್ಕೆ ಅವಳ ಬಾಳನ್ನೇ ಕಟ್ಟಿಟ್ಟಿದ್ದರು. ನಿಮ್ಮ ಅಜ್ಜ ಹೋದ ಮೇಲೆ ನಮ್ಮನ್ನು ನೋಡಿಕೊಂಡವರು ಅವರ ಅಣ್ಣ, ನಿಮ್ಮ ದೊಡ್ಡಜ್ಜ ರುದ್ರಪ್ಪ, ನನಗೆ ಭಾವ. ಸವಡಿಯಿಂದ ನೀಲಾಳಿಗೆ ಸಂಬಂಧ ಬಂದಿತ್ತು. ಭಾವ ಎಲ್ಲರೆದುರು ಹೇಳಿದ್ದರು: "ಟೀಮು ಮ್ಯಾಲೇರಿದ್ರ ಇನ್ನೊಂದು ವರ್ಷ ಆಡ್ಲಿ. ಇಲ್ಲಂದ್ರ ಬಂದು ಲಗ್ನ ಆಗ್ಲಿ." ನೀಲಾ ಒಪ್ಪಿಯೇ ವಿಮಾನ ಹತ್ತಿದ್ದಳು. ಸವಡಿಯವರೂ ಅಲ್ಲಿಯವರೆಗೆ ಕಾಯುತ್ತೇವೆ ಎಂದಿದ್ದರು.

ಕರೆಂಟು ಇಲ್ಲ. ಕೋಣೆಯಲ್ಲಿ ಜೀವ ಇದ್ದದ್ದು ಭಾವನ ಫೋನೊಂದಕ್ಕೇ. ಪಂದ್ಯದ ಹೊತ್ತಿಗೆ ಎಲ್ಲರೂ ಅದರ ಸುತ್ತ ಮುಗಿಬಿದ್ದೆವು.

"ಮುಂದ ಓಡೂದು ಬಿಟ್ಟು ಚೆಂಡ ಹಿಂದಕ್ಕ್ಯಾಕ ಒಗೀತಾವ ಇವು?" ಎಂದು ಪಕ್ಕದ ಮನೆಯ ಹುಸೇನಬಿ ಕೇಳಿದಳು.

"ಗಂಡನ ಮನಿಗೆ ಹೊಂಟ ಹುಡುಗ್ಯಾರು, ಹಿಂದಕ್ಕ ನೋಡ್ತಾವ" ಎಂದರು ಭಾವ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ನಮ್ಮವರ ಅಂಕ ಸ್ವಲ್ಪ ಹಿಂದಿತ್ತು. ಆಟ ಮುಗಿಯುತ್ತ ಬಂದಾಗ ನೀಲಾ ಚೆಂಡನ್ನು ಎದೆಗೆ ಅವುಚಿಕೊಂಡು ಓಡಿದಳು. ಎದುರಿನ ಹುಡುಗಿಯರು ಕಾಲಿಗೆ, ಸೊಂಟಕ್ಕೆ ಬಿದ್ದು ಅವಳನ್ನು ನೆಲಕ್ಕೆ ಕೆಡವಿದರು. ಬಿದ್ದಲ್ಲಿಂದಲೇ ಅವಳ ಕೈ ಚೆಂಡನ್ನು ಹಿಂದಕ್ಕೆ ಚಾಚಿದ್ದು ನನಗೆ ಕಂಡಿತು. ಅದು ಏನೆಂದು ತಿಳಿಯಲಿಲ್ಲ. ನಮ್ಮದು ಕಬಡ್ಡಿಯ ಊರು. ಹಿಡಿಸಿಕೊಂಡು ಬಿದ್ದವಳು ಔಟು, ಅಷ್ಟೇ ನಮಗೆ ಗೊತ್ತು.

"ಹಿಡದ್ರು. ಮುಗೀತು ಬಿಡ್ರಿ" ಎಂದು ಭಾವ ಆಟವನ್ನು ಅಲ್ಲಿಗೇ ನಿಲ್ಲಿಸಿದರು. ಉಳಿದ ಚಾರ್ಜಿನಲ್ಲಿ ಮೆಟ್ಟಿಲ ಮೇಲೆ ನಿಂತು ಸವಡಿಗೆ ಮಾತಾಡಿದರು. ಹುಡುಗಿ ಬರುತ್ತಾಳೆ, ನಮ್ಮ ಒಪ್ಪಿಗೆ ಇದೆ ಎಂದರು. ಮಾತು ಮುಗಿಯುವಷ್ಟರಲ್ಲಿ ಫೋನೂ ಸತ್ತಿತು.

ಮರುದಿನ ನರಗುಂದದಲ್ಲಿ ಸಿಕ್ಕಿಬಿದ್ದಿದ್ದ ನಿಮ್ಮಪ್ಪ ದೋಣಿಯಲ್ಲಿ ಬಂದ. ಹಾಲಿನ ಪಾಕೀಟು ಕೆಳಗಿಡುವ ಮೊದಲೇ ಹೇಳಿದ: "ಗೆದ್ರಬೇ. ನೀಲಾ ಬಿದ್ದು ಬಿಟ್ಟ ಚೆಂಡನ್ನ ಇನ್ನೊಬ್ಬಾಕಿ ಎತ್ತಿಕೊಂಡು ಓಡಿದ್ಲು. ಮ್ಯಾಲೇರ್ಯಾರ." ಆ ಆಟದಲ್ಲಿ ಬಿದ್ದವರು ಔಟಲ್ಲವಂತೆ, ಎದ್ದು ಮತ್ತೆ ಆಡಬಹುದಂತೆ. ನೀವು ಬೆಂಚು ಹತ್ತಿ ಕುಣಿದಿರಿ, ಹುಸೇನಬಿ ನಿಮ್ಮ ದೃಷ್ಟಿ ತೆಗೆದಳು. ನಿಮ್ಮಪ್ಪ ಇನ್ನೊಂದು ಸುದ್ದಿಯನ್ನೂ ತಂದಿದ್ದ: ಭಾವನ ಮಾತು ಕೇಳಿದ ಸಂಜೆಯೇ ಸವಡಿಯವರು ಓಣಿಗೆಲ್ಲ ಸಕ್ಕರೆ ಹಂಚಿದ್ದರು. ನಮ್ಮ ಕಡೆ ಸಕ್ಕರೆ ಹಂಚಿದರೆ ಹುಡುಗಿ ಆ ಮನೆಯವಳಾದಂತೆ.

ನಾನು ಭಾವನ ಎದುರು ನಿಂತು ಮಾತಾಡಿದವಳಲ್ಲ. ಅಂದು ಬಾಗಿಲ ಮರೆಯಿಂದ, ಸವಡಿಯವರಿಗೆ ಒಂದು ಮಾತು ಹೇಳಿ ನೋಡ್ರಿ ಎಂದೆ. ಅವರು ನೀರಿನ ಕಡೆ ಮುಖ ತಿರುಗಿಸಿದರು.

"ಸಕ್ಕರಿ ಹಂಚ್ಯಾರ ಯವ್ವಾ. ಮಂದಿ ಬಾಯಾಗಿಂದ ಹ್ಯಾಂಗ ತಗಿಯೂದು?"

ನೀರಿಳಿದು ನಾವು ಮನೆ ಸೇರಿದ ಮೇಲೆ ನೀಲಾ ಬಂದಳು. ಪದಕವನ್ನು ಅಕ್ಕಮ್ಮನ ಕೊರಳಿಗೆ ಹಾಕಿದಳು. ಆಮೇಲೆ ಭಾವನಿಗೆ ಇಷ್ಟೇ ಅಂದಳು: "ಒಂದು ಸಂಜಿ ತಾಳಲಿಲ್ಲಲ್ಲ, ದೊಡ್ಡಪ್ಪಾ."

ಭಾವ ಸಲಿಕೆ ತೆಗೆದುಕೊಂಡು ಪಡಸಾಲೆಯ ಕೆಸರು ಕೆರೆಯತೊಡಗಿದರು. ಸ್ವಲ್ಪ ಹೊತ್ತಿನ ಮೇಲೆ ಅವಳೂ ಬುಟ್ಟಿ ಹಿಡಿದಳು. ಕತ್ತಲಾಗುವವರೆಗೆ ಇಬ್ಬರೂ ಕೆಸರು ಹೊತ್ತು ಹಾಕಿದರು. ದೀಪಾವಳಿ ಕಳೆದ ಮೇಲೆ ಲಗ್ನವಾಯಿತು.

ಅಳಿಯ ಕೆಟ್ಟವನಲ್ಲ, ಮನೆಯಲ್ಲಿ ಉಣ್ಣಲು ಉಡಲು ಕೊರತೆಯಿಲ್ಲ. ಭಾವ ಈಗಿಲ್ಲ. ನಮ್ಮ ಮನೆಯಲ್ಲಿ ಈಗ ತಲೆಗೊಂದು ಫೋನಿದೆ, ಆದರೆ ಇಡೀ ಓಣಿ ಉಸಿರು ಬಿಗಿಹಿಡಿದು ಒಂದನ್ನೇ ನೋಡುವ ಸಂಜೆ ಮತ್ತೆ ಬರಲಿಲ್ಲ.

ಲಗ್ನವಾದ ಮರುವರ್ಷ, ತಂಡ ಮೇಲಿನ ಗುಂಪಿನಲ್ಲಿ ಮೊದಲ ಪಂದ್ಯ ಆಡಿದ ದಿನ ನಾನು ಸವಡಿಗೆ ಫೋನು ಮಾಡಿದೆ. ನೀಲಾ ಹಿಟ್ಟಿನ ಡಬ್ಬಿಗೆ ಗಂಡನ ಫೋನು ಆನಿಸಿಟ್ಟು, ಪಂದ್ಯ ನೋಡುತ್ತ ರೊಟ್ಟಿ ಬಡಿಯುತ್ತಿದ್ದಳಂತೆ. ನಿನ್ನ ಜಾಗದಲ್ಲಿ ಯಾರಿದ್ದಾರೆ ಎಂದು ಕೇಳಿದೆ.

"ಹೊಸಾಕಿ, ಯವ್ವಾ."

ರೊಟ್ಟಿ ಬಡಿಯುವ ಸದ್ದು ನಿಂತಿತು.

"ಚಲೋ ಹಿಡೀತಾಳ" ಎಂದಳು.

ಸದ್ದು ಮತ್ತೆ ಶುರುವಾಯಿತು.