ಎರಡೂ ಒಂದೇ ಬಂದವು

ಭಾಲ್ಕಿಯಲ್ಲಿ ಹಿಟ್ಟಿನ ಗಿರಣಿ ನಡೆಸುವ ಸುಮನ ಮಾತಿಗೆ ನಿಂತರೆ ಗಿರಣಿಯ ಸದ್ದೇ ಸೋಲಬೇಕು. ಅಂಥವಳು ತಮ್ಮ ನಾಗಸೇನ ಕಾಯಿಲೆ ಬಿದ್ದಾಗಿನಿಂದ ಮಾತೇ ಮರೆತಿದ್ದಳು. ಅವರ ತಂದೆ ಗೋರಖನಾಥ ಔರಾದ ಕಡೆಯ ಎಕಂಬಾದಲ್ಲಿ, ಹರೆಯದಲ್ಲೇ, ಒಸಡಿನಿಂದ ರಕ್ತ ಸುರಿದು ತೀರಿಕೊಂಡಿದ್ದ. ಯಾರದೋ ಕೆಟ್ಟ ನೆದರು ತಾಗಿದೆ ಎಂದಿತ್ತು ಊರು. ಊರಿಗೇನು, ಬಾಯಿಗೆ ಬಂದದ್ದು ಅನ್ನುತ್ತದೆ. ಬೀದರಿನ ಗಾಂಧಿ ಗಂಜ್ ಮಾರುಕಟ್ಟೆಯಲ್ಲಿ ತೊಗರಿ ಚೀಲದ ಟೆಂಪೊ ಓಡಿಸುತ್ತಿದ್ದ ನಾಗಸೇನನಿಗೂ ಹಾಗೇ ಆದಾಗ, ಅದು ರಕ್ತದ ಕ್ಯಾನ್ಸರ್ ಎಂದು ಗೊತ್ತಾಯಿತು.

ಒಡಹುಟ್ಟಿದವರ ಅಸ್ಥಿಮಜ್ಜೆ ಹೊಂದಿಕೆಯಾದರೆ ಉಳಿಸಬಹುದು ಎಂದರು ಡಾಕ್ಟರು. ಸುಮನ ಹೊಂದಿಕೆಯ ತಪಾಸಣೆಗೆ ರಕ್ತ ಕೊಟ್ಟಳು. ಅಕ್ಕ ತಮ್ಮ ಇಬ್ಬರದೂ ಒಂದೇ ಬಂತು. ಮನೆತನದಲ್ಲಿ ಇಳಿದು ಬರುವ ದೋಷದ್ದೊಂದು ತಪಾಸಣೆ ಇನ್ನೂ ಉಳಿದಿದೆ ಎಂದು ಡಾಕ್ಟರು ಹೇಳಿದ್ದು ಖುಷಿಯಲ್ಲಿ ಅವಳ ಕಿವಿಗೇ ಬೀಳಲಿಲ್ಲ. ಕೆಲವು ವಾರಗಳ ಮೇಲೆ ಲ್ಯಾಬಿನಿಂದ ಫೋನು ಬಂತು.

“ಎರಡನೇದೂ ನಿಮ್ಮಿಬ್ಬರದು ಒಂದೇ ಬಂದದರಿ. ಡಾಕ್ಟರಿಗೆ ಭೆಟ್ಟಿ ಆಗ್ರಿ.”

ಅಷ್ಟು ಸಾಕಾಯಿತು. ಜೋಳ ಬೀಸಲು ಬಂದವರಿಗೆಲ್ಲ ಪೇಢೆ ಹಂಚಿದಳು, ಬುದ್ಧ ವಿಹಾರಕ್ಕೆ ಹೋಗಿ ಮೇಣದಬತ್ತಿ ಹಚ್ಚಿದಳು. ಪಾಪ, ಅವಳ ಜಾಗದಲ್ಲಿ ಯಾರಿದ್ದರೂ ಹಾಗೇ ಮಾಡುತ್ತಿದ್ದರು.

ಡಾಕ್ಟರು ಪೇಢೆ ಮುಟ್ಟಲಿಲ್ಲ. ಮೊದಲನೆಯದು ಒಂದೇ ಬರಬೇಕಿತ್ತು, ಎರಡನೆಯದು ಬೇರೆ ಬರಬೇಕಿತ್ತು ಎಂದು ಬಿಡಿಸಿ ಹೇಳಿದರು. ತಂದೆಯಿಂದ ಇಳಿದ ದೋಷದ ಗುರುತು ಅವಳ ರಕ್ತದಲ್ಲೂ ಇದೆ. ಅವಳಿಗೆ ರೋಗ ಬಂದೇ ಬರುತ್ತದೆ ಎಂದೇನಿಲ್ಲ, ಆದರೆ ಅವಳ ಮಜ್ಜೆ ಕೊಟ್ಟರೆ ಅದೇ ದೋಷವನ್ನು ತಮ್ಮನಿಗೆ ಮತ್ತೆ ಕೊಟ್ಟಂತಾಗುತ್ತದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಮಂಚದ ಹತ್ತಿರ ಕೂತು ತಮ್ಮನಿಗೆ ಅವಳೇ ಹೇಳಿದಳು.

“ಹಂಗಾದ್ರ ನಿನಗೂ ಇದು ಬಂದ್ರ, ಕೊಡ್ಲಾಕ ಯಾರ ಇದ್ದಾರ ಅಕ್ಕಾ?”

ತನ್ನ ಸಾವು ಎದುರಿಗಿರುವಾಗ ಕೇಳುವ ಮಾತೇ ಅದು? ಸುಮನಳಿಗೆ ಅಳು ತಡೆಯಲಾಗಲಿಲ್ಲ.

ಹೊರಗಿನ ದಾನಿ ಸಿಗುವವರೆಗೆ ರೋಗ ಕಾಯಲಿಲ್ಲ. ಎಕಂಬಾದಲ್ಲಿ ಮಣ್ಣು ಮಾಡಿ ಬಂದ ಮೇಲೆ ನೆರೆಮನೆಯ ಶಾಂತಾಬಾಯಿ, ಸಮಾಧಾನ ಮಾಡಬೇಕೆಂದೇ, ಸುಮನಳ ಮಗಳು ಪ್ರಣಾಲಿಯ ಗಲ್ಲ ಸವರಿದಳು.

“ನಾಗಸೇನ ಎಲ್ಲಿ ಹೋಗ್ಯಾನವಾ? ಈಕಿ ಥೇಟ್ ಮಾಮಾನಂಗೇ ಇದ್ದಾಳ.”

ಸುಮನ ಮಗಳನ್ನು ತನ್ನ ಕಡೆಗೆ ಎಳೆದುಕೊಂಡಳು.

“ಇಲ್ಲರಿ,” ಎಂದಳು. “ಈಕಿ ಯಾರಂಗೂ ಇಲ್ಲ.”