ದೇವಕಮ್ಮನ ಬಗ್ಗೆ ನಾನು ಬರೆದುಕೊಟ್ಟ ಕಾಗದ

ನನ್ನ ಅಕ್ಷರ ಚೆನ್ನಾಗಿಲ್ಲ, ಕ್ಷಮಿಸಿ. ಒಂಬತ್ತನೆಯ ತರಗತಿಗೆ ಶಾಲೆ ಬಿಟ್ಟವಳು, ಒಳ್ಳೆಯ ಶಬ್ದಗಳೂ ಗೊತ್ತಿಲ್ಲ. ಒಂದೊಂದು ಸಾಲನ್ನೂ ಎರಡು ಸಲ ಓದಿ ಮುಂದೆ ಹೋಗುತ್ತಿದ್ದೇನೆ. ಏಕೆಂದರೆ ದೇವಕಮ್ಮನ ಬಗ್ಗೆ ಹಿಂದೆ ಒಮ್ಮೆ ಬರೆದು ತಪ್ಪು ಮಾಡಿದ್ದೇನೆ.

ದೇವಕಮ್ಮ ನಮ್ಮ ಊರು ಗೋಗಿಯವರು. ಸಂಬಂಧಿಕರಲ್ಲ, ಆದರೂ ನಾನು ದೊಡ್ಡವ್ವ ಎನ್ನುತ್ತೇನೆ. ಶಹಾಪುರದ ಹತ್ತಿ ಮಿಲ್ಲಿನಲ್ಲಿ ಹನ್ನೆರಡು ವರ್ಷದಿಂದ ಹತ್ತಿಯ ಕಸ ಆರಿಸುತ್ತಿದ್ದಾರೆ. ಹೊಸ ರಾಶಿ ಬಿದ್ದಾಗ ಮೊದಲು ಕೈ ಹಾಕುತ್ತಿದ್ದವರು ಅವರೇ. ಬಳೆಗಳನ್ನು ಮೇಲೆ ಸರಿಸಿ, ಮೊಳಕೈ ಮುಳುಗುವವರೆಗೆ ತೋಳನ್ನು ರಾಶಿಯೊಳಗೆ ತೂರಿಸಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಒಳಗೆ ಹಸಿ ಇದ್ದರೆ ಕೈಗೆ ಬೆಚ್ಚಗೆ ಹತ್ತುತ್ತದೆಯಂತೆ. ಅವರು "ಹಾಂ, ಬರ್ರಿ, ಕುಂದ್ರಿ" ಎಂದ ಮೇಲೆಯೇ ನಾವು ಹದಿನಾಲ್ಕು ಹೆಂಗಸರು ಆರಿಸಲು ಕೂರುತ್ತಿದ್ದೆವು. ರಾಶಿಯ ಮುಂದಿನ ಆ ಜಾಗವನ್ನು ಅವರಿಗೆ ಯಾರೂ ಕೊಟ್ಟಿದ್ದಲ್ಲ.

ಅವರಿಗೆ ಸಿಟ್ಟು ಬಂದರೆ ಮಾತಿಗಿಂತ ಮೊದಲು ಕಣ್ಣೀರು ಬರುತ್ತದೆ. ಅದಕ್ಕೆ ಅವರೇ ನಗುತ್ತಾರೆ. "ನಾರಾಯಣಪುರದ ಡ್ಯಾಮಿಗಿ ಗೇಟ್ ಅದಾವ, ನನ್ನ ಕಣ್ಣಿಗಿ ಇಲ್ಲವ್ವ."

ಸಂಕ್ರಾಂತಿ ಮುಗಿದ ವಾರ ಕೆಂಭಾವಿ ಕಡೆಯಿಂದ ಒಂದು ಲಾರಿ ಹತ್ತಿ ಬಂತು. ದೊಡ್ಡವ್ವ ಕೈ ಹಾಕಿ ತಕ್ಷಣ ಹೊರಗೆ ತೆಗೆದರು.

"ತಿಮ್ಮಣ್ಣ, ಒಳಗ ಹಸಿ ಅದ. ಇವತ್ತ ಬಿಸಲಿಗಿ ಹರವಸ್ರಿ. ನಾಳಿ ಮಿಷನ್ನಿಗಿ ಹೋಗ್ಲಿ."

ತಿಮ್ಮಣ್ಣ ನಮ್ಮ ಮೇಸ್ತ್ರಿ. "ದಿನಾ ನಿಂದು ಇದೇ ರಾಗ ಆಯ್ತು. ಸುಮ್ಮ ಆರಸು" ಎಂದರು.

ಮಧ್ಯಾಹ್ನ ರೋಲರಿಗೆ ಹಸಿ ಹತ್ತಿ ಸುತ್ತಿಕೊಂಡು, ಬೀಜ ಬಿಡಿಸುವ ಮಿಷನ್ ನಿಂತಿತು. ಮಿಷನ್ ನಡೆಸುವ ಭೀಮರಾಯ ಹೊರಗೆ ಬಂದವರೇ ಕೈಯಲ್ಲಿದ್ದ, ನಟ್ಟು ಬಿಚ್ಚುವ ಕಬ್ಬಿಣದ ಪಾನಾ ನೆಲಕ್ಕೆ ಅಪ್ಪಳಿಸಿದರು. ಅದು ಪುಟಿದು ನನ್ನ ಕಾಲಿನ ಹತ್ತಿರ ಬಿತ್ತು.

"ಏನ್ ಆರಸ್ತೀರಿ ನೀವು? ಹರಟಿ ಹೊಡಿಲಾಕ ಬರ್ತೀರೇನು ಇಲ್ಲಿ?"

ದೊಡ್ಡವ್ವ ಎದ್ದರು. "ಹಸಿ ಅದ ಅಂತ ಮುಂಜಾನಿನೇ ಹೇಳೀನಿ ತಮ್ಮಾ. ತಿಮ್ಮಣ್ಣನ ಕೇಳು."

ತಿಮ್ಮಣ್ಣ ಲಾರಿಯ ಕಡೆ ನೋಡುತ್ತ ನಿಂತರು. ದೊಡ್ಡವ್ವನ ಕಣ್ಣೀರು ಇಳಿಯಿತು. "ಹೇಳ್ರಿ! ಬಾಯಿ ಬಿಟ್ಟು ಹೇಳ್ರಿ!" ಎಂದು ಕೂಗಿ ಬುಟ್ಟಿಯನ್ನು ಬೀಸಿ ಒಗೆದರು.

"ನೋಡ್ರಪಾ, ಗಂಗವ್ವ ಹರದು ಬಂದಳು" ಎಂದರು ತಿಮ್ಮಣ್ಣ, ದೊಡ್ಡವ್ವನ ಕಣ್ಣೀರಿನ ಕಡೆ ಕೈ ತೋರಿಸಿ. ಗಂಡಸರು ನಕ್ಕರು. ನಮ್ಮಲ್ಲೂ ಇಬ್ಬರು ನಕ್ಕರು. ಆಮೇಲೆ ತಿಮ್ಮಣ್ಣ ಭೀಮರಾಯನ ಹೆಗಲ ಮೇಲೆ ಕೈ ಹಾಕಿ, "ಬಾ, ಚಾ ಕುಡಿ. ಕೆಲಸ ಮಾಡೋ ಮನಷ್ಯಾಗ ಸಿಟ್ಟು ಬರ್ತದ" ಎಂದು ಕರೆದುಕೊಂಡು ಹೋದರು.

ಏನಾಯಿತೆಂದು ಬರೆದು ಕೊಡಿ ಎಂದು ಮಿಲ್ಲಿನ ಸಾಹುಕಾರರು ಹೇಳಿ ಕಳಿಸಿದರು. ತಿಮ್ಮಣ್ಣ ನನ್ನನ್ನು ಕರೆದರು. "ಪವಿತ್ರಾ, ನಿನಗ ಬರಿಲಾಕ ಬರ್ತದ. ನೀ ಯಾರ ಕಡಿನೂ ಅಲ್ಲ. ಕಣ್ಣಿಲೆ ನೋಡಿದ್ದಷ್ಟೇ ಬರಿ."

ನನಗೆ ಹೆಮ್ಮೆಯಾಯಿತು. ಒಂದು ತಾಸು ಕುಳಿತು ಬರೆದೆ. 'ಮಿಷನ್ ನಿಂತದ್ದಕ್ಕೆ ಭೀಮರಾಯ ಅವರು ಜೋರಾಗಿ ಕೇಳಿದರು. ದೇವಕಮ್ಮ ಅತ್ತರು, ಕೂಗಾಡಿದರು, ಬುಟ್ಟಿ ಒಗೆದರು.' ಸುಳ್ಳು ಒಂದೂ ಇರಲಿಲ್ಲ. ಬೆಳಗಿನ ಮಾತನ್ನು ಬರೆಯಬೇಕೆಂದಿದ್ದೆ, ಆದರೆ ತಿಮ್ಮಣ್ಣ ಎದುರಿಗೇ ನಿಂತಿದ್ದರು, ಕೈ ಬರಲಿಲ್ಲ. ಪಾನಾ ಒಗೆದದ್ದನ್ನು ಮಾತ್ರ ನಾನು ಭಯದಿಂದ ಬರೆಯದೆ ಬಿಟ್ಟಿದ್ದಲ್ಲ. ಅದು ಬರೆಯುವಂಥದ್ದು ಎಂದು ನನಗೆ ಹೊಳೆಯಲೇ ಇಲ್ಲ.

ಮರುದಿನ ರಾಶಿಯ ಮುಂದೆ ನಮ್ಮಲ್ಲೇ ಒಬ್ಬಳಾದ ಸೂಗಮ್ಮನನ್ನು ಕೂರಿಸಿದರು. ದೊಡ್ಡವ್ವನಿಗೆ ಹಿಂದೆ, ಕಸ ಹಾಕುವ ಕಡೆ ಜಾಗ ಕೊಟ್ಟರು. "ಆಕಿ ಎಲ್ಲಾ ಮನಸ್ಸಿಗಿ ಹಚ್ಕೊಂತಾಳ. ಆಕಿಗಿ ಜವಾಬ್ದಾರಿ ಬ್ಯಾಡ ಅಂದ್ರು ಸಾವ್ಕಾರ್ರು" ಎಂದು ತಿಮ್ಮಣ್ಣ ಎಲ್ಲರೆದುರು ಹೇಳಿದರು.

ಊರಿಗೆ ಹೋಗುವ ಆಟೋದಲ್ಲಿ ದೊಡ್ಡವ್ವ ನನ್ನ ಪಕ್ಕದಲ್ಲೇ ಕುಳಿತರು. "ಏನ್ ಬರದಿ ಮಗಳ?"

ಬಾಯಿಪಾಠವಾಗಿತ್ತು, ಹೇಳಿದೆ.

"ಎಲ್ಲಾ ಖರೇನೇ ಬರದಿ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಭೀಮರಾಯ ಪಾನಾ ಒಗದದ್ದು ನೀ ನೋಡಿಲ್ಲೇನು?"

"ನೋಡೀನಿ ದೊಡ್ಡವ್ವ."

"ಹಾಂ" ಎಂದು ಹೊರಗೆ ನೋಡುತ್ತ ಕುಳಿತರು. ಆ ದಿನ ಅವರ ಕಣ್ಣಲ್ಲಿ ನೀರು ಬರಲಿಲ್ಲ. ಬಂದಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ನಾನೂ ಹೆಣ್ಣು. ಆದರೂ ಅಳುವವರದೇ ತಪ್ಪಿರಬೇಕು ಎಂದು ಆ ದಿನ ನನಗೂ ಅನ್ನಿಸಿತ್ತು. ಈಗಲೂ ಹೊಸ ರಾಶಿ ಬಿದ್ದಾಗ ದೊಡ್ಡವ್ವನ ಕೈ ಬಳೆ ಸರಿಸಲು ಹೋಗುತ್ತದೆ, ಆಮೇಲೆ ನಿಲ್ಲುತ್ತದೆ. ನಾನು ಅತ್ತ ನೋಡುವುದಿಲ್ಲ.

ಇನ್ನೊಂದು ಕಾಗದ ಬರೆದಿದ್ದೇನೆ. ಅದರಲ್ಲಿ ಬೆಳಗಿನ ಮಾತು ಇದೆ, ಪಾನಾ ಇದೆ, ಕೆಳಗೆ ನನ್ನ ಹೆಸರಿದೆ. ನಾಳೆ ಆಟೋದಲ್ಲಿ ಮೊದಲು ದೊಡ್ಡವ್ವನಿಗೆ ಓದಿ ಹೇಳುತ್ತೇನೆ. ಅವರು ಹೂಂ ಎಂದರೆ, ತಿಮ್ಮಣ್ಣನಿಗೆ ಕೊಡದೆ ಸಾಹುಕಾರರ ಕೈಗೇ ಕೊಡುತ್ತೇನೆ.